ಪನಾಗ್ಸಮಾದಲ್ಲಿ ತಳವೂರಿ, ಮುಖ ನೀರಿಗಿಟ್ಟು ತೇಲುವುದು ಹೇಗೆ

ಫಿಲಿಪ್ಪೀನ್ಸಿಗೆ ಹೊರಟವರು ನನಗೆ ಮೊದಲು ತೋರಿಸುವುದು ಒಂದು ಪಟ್ಟಿ. ಮನಿಲಾ ಎರಡು ದಿನ, ಬೊರಾಕಾಯ್ ಎರಡು ದಿನ, ಎಲ್ ನಿಡೊ ಎರಡು ದಿನ, ನಡುವೆ ವಿಮಾನ, ವ್ಯಾನು, ದೋಣಿ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ದೇಶದಲ್ಲಿ ಹೀಗೆ ಓಡಾಡಿದರೆ ರಜೆಯ ಅರ್ಧ ಭಾಗ ಸೂಟ್‌ಕೇಸ್ ತುಂಬುವುದರಲ್ಲಿ, ಬಿಚ್ಚುವುದರಲ್ಲಿ ಹೋಗುತ್ತದೆ. ವಿಶ್ರಾಂತಿಯೂ ಬೇಕು, ಬಾಯಲ್ಲಿ ಕೊಳವೆ ಕಚ್ಚಿ ಮುಖ ನೀರಿಗಿಟ್ಟು ತೇಲುವ ಸ್ನಾರ್ಕೆಲಿಂಗೂ ಬೇಕು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಒಂದೇ ಊರು ಹಿಡಿಯಿರಿ. ಕೋಣೆಯಿಂದ ನಡೆದೇ ಹವಳದ ಮೇಲೆ ಇಳಿಯುವಂತಿರಬೇಕು. ದಿನಾ ಬೆಳಿಗ್ಗೆ ಅದೇ ನೀರಿಗೆ ಹೋಗಿ. ಮೊದಲ ದಿನ ಹೆದರಿಕೆಯಲ್ಲಿ ಏನೂ ಕಾಣುವುದಿಲ್ಲ, ಎರಡನೇ ದಿನ ಮೀನು ಕಾಣುತ್ತವೆ, ಮೂರನೇ ದಿನದಿಂದ ಆ ಮೀನು ಏನು ಮಾಡುತ್ತಿದೆ ಎಂಬುದು ಕಾಣತೊಡಗುತ್ತದೆ.

ನನ್ನ ಸಲಹೆ ಯಾರಿಗೆ ಹೊಂದುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಸಾಗರದ ಕಡೆಯವಳು. ಮೈಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಕನ್ನಡಕದ ಪವರ್ ಮೈನಸ್ ನಾಲ್ಕು, ಮಂಡಿ ಅಷ್ಟಕ್ಕಷ್ಟೆ, ಈಜು ಚಿಕ್ಕಂದಿನಲ್ಲಿ ತೋಟದ ಕೆರೆಯಲ್ಲಿ ಕಲಿತಷ್ಟೇ. ಮೀನು, ಮಾಂಸ ತಿನ್ನುವುದಿಲ್ಲ. ನಮ್ಮನೆಯವರಿಗೆ ಈಜೇ ಬರುವುದಿಲ್ಲ, ಮೇಲಾಗಿ ದಪ್ಪ ಮೀಸೆ; ಆ ಮೀಸೆಯ ವಿಷಯ ಮುಂದೆ ಬರುತ್ತದೆ. ಮಗಳು ಸಿಂಗಪುರದಲ್ಲಿರುವುದರಿಂದ ಆ ಕಡೆ ಹೋಗಿ ಬರುವುದು ನಮಗೆ ರೂಢಿಯಾಯಿತು. ಇಪ್ಪತ್ತೈದರ ಹುಡುಗರಿಗೆ ಬೇರೆ ಯಾರಾದರೂ ಬರೆಯಲಿ.

ಊರು ಯಾವುದು

ಸೆಬು ದ್ವೀಪದ ನೈಋತ್ಯ ಕರಾವಳಿಯಲ್ಲಿರುವ ಮೊವಾಲ್ಬೊವಾಲ್. ಅಲ್ಲಿಯೂ ಪೇಟೆಯಲ್ಲ, ಪೇಟೆಯಿಂದ ಬೈಕಿಗೆ ಪಕ್ಕಗಾಡಿ ಜೋಡಿಸಿದ ಟ್ರೈಸಿಕಲ್‌ನಲ್ಲಿ ಹತ್ತು ನಿಮಿಷ ದೂರದ ಪನಾಗ್ಸಮಾ ಬೀಚ್. ಬೀಚ್ ಎಂದರೂ ಮರಳು ನಾಮಕಾವಸ್ತೆ, ಹೆಚ್ಚಿನ ಕಡೆ ಕಲ್ಲುಗೋಡೆ, ಮೆಟ್ಟಿಲು, ಹವಳದ ಚೂರು. ಬಿಳಿ ಮರಳಿನಲ್ಲಿ ಕಾಲು ಚಾಚಿ ಮಲಗುವ ಆಸೆಯಿದ್ದರೆ ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ ವೈಟ್ ಬೀಚ್ ಇದೆ, ಊರವರ ಬಾಯಲ್ಲಿ ಬಾಸ್ದಾಕು. ಆದರೆ ವಾಸಕ್ಕೆ ಪನಾಗ್ಸಮಾವೇ ಸರಿ. ದಡದಿಂದ ಹತ್ತಾರು ಮೀಟರ್ ತೇಲಿದರೆ ಹವಳದ ಜಗಲಿ ಮುಗಿದು ಗೋಡೆಯಂತೆ ಕೆಳಗಿಳಿಯುತ್ತದೆ. ಆ ಅಂಚಿನಲ್ಲಿ ಸಾರ್ಡೀನ್ ಮೀನುಗಳ ಹಿಂಡು ವರ್ಷವಿಡೀ ಇರುತ್ತದೆ. ನಮ್ಮ ಕರಾವಳಿಯ ಬೂತಾಯಿಯ ದಾಯಾದಿಗಳೇ, ಲಕ್ಷಗಟ್ಟಲೆ. ಮೊದಲು ಈ ಹಿಂಡು ಎದುರಿನ ಪೆಸ್ಕಡೋರ್ ದ್ವೀಪದ ಬಳಿ ಇತ್ತಂತೆ, ಆಮೇಲೆ ತಾನಾಗಿ ದಡಕ್ಕೆ ಬಂತು. ಸೆಬು ಮತ್ತು ನೆಗ್ರೋಸ್ ದ್ವೀಪಗಳ ನಡುವಿನ ಈ ತಾನ್ಯೋನ್ ಜಲಸಂಧಿ 1998ರಿಂದ ಸಂರಕ್ಷಿತ ಕಡಲು.

ಅಪೋ ದ್ವೀಪ, ಬೊಹೋಲ್ ಪಕ್ಕದ ಬಾಲಿಕಾಸಾಗ್ ಕೂಡ ಚೆನ್ನಾಗಿವೆ. ಅಪೋದಲ್ಲಿ ಮೀನುಗಾರರೇ 1980ರ ದಶಕದಿಂದ ತಮ್ಮ ಹವಳವನ್ನು ಕಾಯ್ದುಕೊಂಡು ಬಂದಿದ್ದಾರೆ, ಅದಕ್ಕೆ ಕೈಮುಗಿಯಬೇಕು. ಆದರೆ ದೋಣಿಯ ಹೊತ್ತು, ಗುಂಪಿನ ಹೊತ್ತು ಎಂದು ನಮ್ಮ ದಿನ ಬೇರೆಯವರ ಗಡಿಯಾರಕ್ಕೆ ಬೀಳುತ್ತದೆ. ಪನಾಗ್ಸಮಾದಲ್ಲಿ ಎದ್ದಾಗ ಎದ್ದು, ಇಳಿದಾಗ ಇಳಿಯಬಹುದು.

ಯಾವಾಗ

ನವೆಂಬರ್‌ನಿಂದ ಸುಮಾರು ಮಾರ್ಚ್‌ವರೆಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಅವರು ಅದನ್ನು ಅಮಿಹಾನ್ ಎನ್ನುತ್ತಾರೆ. ಮೊವಾಲ್ಬೊವಾಲ್ ಇರುವುದು ದ್ವೀಪದ ಪಶ್ಚಿಮ ಮಗ್ಗುಲಿನಲ್ಲಿ, ಸೆಬುವಿನ ಗುಡ್ಡಗಳು ಆ ಗಾಳಿಗೆ ಅಡ್ಡ. ಜೂನ್‌ನಿಂದ ಅಕ್ಟೋಬರ್ ಹಬಗಾಟ್, ಅಂದರೆ ನಮ್ಮ ಹಾಗೆಯೇ ನೈಋತ್ಯ ಮಾರುತ; ಆಗ ಕೆಲವು ದಿನ ಅಲೆ ನೇರ ದಡಕ್ಕೆ ಬಡಿಯುತ್ತದೆ, ನೀರು ಕಲಕುತ್ತದೆ. ನನಗೆ ಹಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್. ಡಿಸೆಂಬರ್ ಚೆಂದವೇ, ಆದರೆ ಚಂಡಮಾರುತದ ಹೆದರಿಕೆ ಪೂರ್ತಿ ಹೋಗಿರುವುದಿಲ್ಲ. 2021ರಲ್ಲಿ ಒಡೆಟ್ ಚಂಡಮಾರುತ ಸೆಬುವನ್ನು ಕೆಡವಿದ್ದು ಡಿಸೆಂಬರ್ 16ರಂದು.

ಎರಡು ವಾರಗಳನ್ನು ತಪ್ಪಿಸಿ. ಜನವರಿಯ ಮೂರನೇ ಭಾನುವಾರ ಸೆಬು ನಗರದಲ್ಲಿ ಸಿನುಲೊಗ್ ಜಾತ್ರೆ, ರಸ್ತೆ ಕದಲುವುದಿಲ್ಲ. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಇಡೀ ದೇಶವೇ ಕಡಲಿಗೆ ಬರುತ್ತದೆ. ಗುಡ್ ಫ್ರೈಡೆ ದಿನ ಅಂಗಡಿಗಳೂ ಮುಚ್ಚಿರುತ್ತವೆ.

ಕಾಗದ, ವಿಮಾನ, ಬಸ್ಸು

2025ರ ಜೂನ್ 8ರಿಂದ ಭಾರತೀಯರಿಗೆ ಪ್ರವಾಸಕ್ಕೆ 14 ದಿನ ವೀಸಾ ಬೇಡ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗೆನ್, ಸಿಂಗಪುರ, ಬ್ರಿಟನ್ ಇವುಗಳಲ್ಲಿ ಯಾವುದಾದರೊಂದರ ಚಾಲ್ತಿ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ 30 ದಿನ. ಈ ಅವಧಿ ವಿಸ್ತರಣೆ ಆಗುವುದಿಲ್ಲ. ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಸ್ಸಿರಬೇಕು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ಕಾಗದದಲ್ಲೇ ಕೈಲಿಟ್ಟುಕೊಳ್ಳಿ. ಇಳಿಯುವ ಮುಂಚಿನ 72 ಗಂಟೆಗಳೊಳಗೆ ಇ-ಟ್ರಾವೆಲ್ ಅರ್ಜಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ಜಾಲತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮುಂಚೆ ಅವರ ರಾಯಭಾರ ಕಚೇರಿಯ ಪುಟ ನೋಡಿ.

ಮನಿಲಾಕ್ಕೆ ಹೋಗಲೇಬೇಡಿ. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ನೇರ ಸೆಬು. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಸೆಬುವಿನ ವಿಮಾನ ನಿಲ್ದಾಣ ಮಕ್ತಾನ್ ಎಂಬ ಪಕ್ಕದ ಪುಟ್ಟ ದ್ವೀಪದಲ್ಲಿದೆ. ಸೇತುವೆ ದಾಟಿ ನಗರಕ್ಕೆ ಬರುವಷ್ಟರಲ್ಲೇ ಸಂಜೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ದಾಟಬಹುದು.

ಮೊವಾಲ್ಬೊವಾಲ್‌ಗೆ ಅಲ್ಲಿಂದ ಸುಮಾರು 90 ಕಿಲೋಮೀಟರ್. ಸೌತ್ ಬಸ್ ಟರ್ಮಿನಲ್‌ಗೆ ಗ್ರ್ಯಾಬ್ ಟ್ಯಾಕ್ಸಿ ಹಿಡಿದು ಹೋಗಿ, ಹಳದಿ ಬಣ್ಣದ ಸೆರೆಸ್ ಬಸ್ಸು ಹತ್ತಿ. ಇಲ್ಲಿ ಒಂದು ಎಚ್ಚರ ಬೇಕು: ಬಾತೋ ಎಂದು ಬೋರ್ಡಿರುವ ಬಸ್ಸುಗಳಲ್ಲಿ ಎರಡು ದಾರಿ. ಬರಿಲಿ ಮೇಲೆ ಹೋಗುವುದು ನಮ್ಮದು. ಓಸ್ಲೋಬ್ ಮೇಲೆ ಹೋಗುವುದು ದ್ವೀಪದ ಆಚೆ ಕರಾವಳಿಯನ್ನು ಸುತ್ತುತ್ತದೆ. ಹತ್ತುವ ಮುಂಚೆ ಕಂಡಕ್ಟರನ್ನು ‘ಬರಿಲಿ?’ ಎಂದು ಒಂದು ಮಾತು ಕೇಳಿ. ಮೂರರಿಂದ ನಾಲ್ಕು ಗಂಟೆಯ ದಾರಿ. ನಡುವೆ ಕಾರ್ಕಾರ್‌ನಲ್ಲಿ ಬುಟ್ಟಿಗಟ್ಟಲೆ ಗರಿಗರಿ ತಿಂಡಿ ಹೊತ್ತು ಬಸ್ಸಿನೊಳಗೇ ಬರುತ್ತಾರೆ, ನೋಡಲು ಹಪ್ಪಳ ಸಂಡಿಗೆ ಎನಿಸುತ್ತದೆ. ಅದು ಹಂದಿಯ ಚರ್ಮ ಕರಿದದ್ದು. ಸಸ್ಯಾಹಾರಿಗಳು ಕೈಚಾಚಬೇಡಿ. ರಾತ್ರಿ ಇಳಿಯುವವರು, ವಯಸ್ಸಾದವರನ್ನು ಕರೆದೊಯ್ಯುವವರು ರೆಸಾರ್ಟಿಗೇ ಹೇಳಿ ವ್ಯಾನು ತರಿಸಿಕೊಳ್ಳುವುದು ಲೇಸು.

ಕೋಣೆ ಹಿಡಿಯುವಾಗ ಕೇಳಬೇಕಾದ್ದು

ಫೋಟೋದಲ್ಲಿ ಎಲ್ಲ ರೆಸಾರ್ಟಿಗೂ ಅದೇ ತೆಂಗು, ಅದೇ ಕೊಳ. ಬುಕ್ ಮಾಡುವ ಮುಂಚೆ ಒಂದು ಸಂದೇಶ ಕಳಿಸಿ ಕೇಳಿ. ನಿಮ್ಮಲ್ಲಿಂದ ನೀರಿಗೆ ಇಳಿಯಲು ಮೆಟ್ಟಿಲಿದೆಯೇ, ಕೈಹಿಡಿ ಇದೆಯೇ? ಇಳಿತದ ಹೊತ್ತಿನಲ್ಲಿ ಆ ಮೆಟ್ಟಿಲ ಕೆಳಗೆ ನೀರು ಎಷ್ಟಿರುತ್ತದೆ? ಮಂಡಿ ನೋವಿನವರಿಗೆ ಕೊಳಕ್ಕಿಂತ ಈ ಉತ್ತರ ಮುಖ್ಯ. ಬಟ್ಟೆ, ಮಾಸ್ಕು ತೊಳೆಯಲು ಸಿಹಿನೀರಿನ ತೊಟ್ಟಿ, ಒಣಹಾಕಲು ತಂತಿ ಇದೆಯೇ? ಡೈವ್ ಶಾಪ್ ಜೊತೆಗಿರುವ ರೆಸಾರ್ಟುಗಳಲ್ಲಿ ಇವೆಲ್ಲ ಇದ್ದೇ ಇರುತ್ತವೆ.

ಆಮೇಲೆ ಸದ್ದು. ಪನಾಗ್ಸಮಾದ ಮುಖ್ಯ ಓಣಿಯಲ್ಲಿ ಬಾರುಗಳಿವೆ, ಹಾಡು ತಡರಾತ್ರಿವರೆಗೆ. ಅದು ನಿಂತರೂ ಯಾರದೋ ಮನೆಯಲ್ಲಿ ವಿಡಿಯೊಕೆ, ಅಂದರೆ ಕ್ಯಾರಿಯೋಕೆ. ಮೈಕು ಹಿಡಿದು ಹಾಡದ ಫಿಲಿಪ್ಪಿನೋ ಕುಟುಂಬ ಇಲ್ಲವೇ ಇಲ್ಲ ಎನಿಸುತ್ತದೆ. ಅದೂ ನಿಂತ ಮೇಲೆ ಹುಂಜಗಳು. ಕೋಳಿಕಾಳಗದ ನಾಡಾದ್ದರಿಂದ ಹುಂಜಕ್ಕೆ ಅಲ್ಲಿ ರಾಜಮರ್ಯಾದೆ, ಮತ್ತು ಅವು ಬೆಳಗಿಗೆ ಕಾಯುವುದಿಲ್ಲ. ಓಣಿಯ ದಕ್ಷಿಣ ಅಥವಾ ಉತ್ತರ ತುದಿಯ ಕೋಣೆ ಕೇಳಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಕರೆಂಟು ಹೋಗುವುದಕ್ಕೆ ಅವರು ಬ್ರೌನ್‌ಔಟ್ ಎನ್ನುತ್ತಾರೆ. ಜನರೇಟರ್ ಫ್ಯಾನಿಗೆ ಮಾತ್ರವೇ, ಎಸಿಗೂ ಇದೆಯೇ ಕೇಳಿ. ವೋಲ್ಟೇಜು ನಮ್ಮಂತೆ 220, ಆದರೆ ಪ್ಲಗ್ಗು ಅಮೆರಿಕದ ಚಪ್ಪಟೆ ಎರಡು ಕಡ್ಡಿಯದು, ಅಡಾಪ್ಟರ್ ಒಯ್ಯಿರಿ. ನಲ್ಲಿ ನೀರು ಕುಡಿಯಬೇಡಿ.

ಊಟ

ಮೀನು ತಿನ್ನುವವರಿಗೆ ಹೇಳುವುದು ಏನೂ ಇಲ್ಲ. ಸುಟ್ಟದ್ದು, ಸಾರು ಮಾಡಿದ್ದು, ವಿನೆಗರಿನಲ್ಲಿ ನೆನೆಸಿದ್ದು ಎಂದು ಮೂರು ಬಗೆ, ನಿಂಬೆಯ ಬದಲು ಪುಟಾಣಿ ಕಲಮಾನ್ಸಿ ಹಣ್ಣು, ತೆಂಗಿನ ಗರಿಯ ಗೂಡಿನಲ್ಲಿ ಬೆಂದ ಪುಸೋ ಅನ್ನ. ಸುಖವಾಗಿರಿ.

ಕಷ್ಟ ನಮ್ಮಂಥವರದು. ಮೆನುವಿನಲ್ಲಿ ತರಕಾರಿ ಎಂದು ಬರೆದಿದ್ದರೂ ನಂಬುವಂತಿಲ್ಲ. ಪಿನಕ್ಬೆಟ್‌ನಲ್ಲಿ ಬದನೆ, ಹಾಗಲ, ಕುಂಬಳ ಎಲ್ಲ ಇದೆ, ಜೊತೆಗೆ ಕೊಳೆಸಿದ ಮೀನಿನ ಗಿನಾಮೋಸ್ ಕೂಡ. ಹೆಸರುಕಾಳಿನ ಮೊಂಗೋ ಸಾರಿನಲ್ಲಿ ಒಣಮೀನೋ ಹಂದಿಯೋ ಇರುತ್ತದೆ. ಚಾಪ್ಸೂಯಿಯಲ್ಲಿ ಸೀಗಡಿ, ಕೋಳಿಯ ಈಲಿ. ‘ವೆಜಿಟೇರಿಯನ್’ ಎಂದರೆ ತಲೆಯಾಡಿಸಿ, ‘ಮೀನಾದರೂ ಬೇಡವಾ ಮ್ಯಾಮ್?’ ಎಂದು ಮರುಕದಿಂದ ಕೇಳುತ್ತಾರೆ. ಹಾಗಾಗಿ ಇಂಗ್ಲಿಷ್ ಬಿಟ್ಟು ಅವರ ಬಿಸಾಯಾ ಭಾಷೆಯಲ್ಲೇ ಬಿಡಿಸಿ ಹೇಳಿ: ವಲೈ ಕಾರ್ನೆ, ವಲೈ ಇಸ್ದಾ, ವಲೈ ಪಾತಿಸ್. ಮಾಂಸ ಬೇಡ, ಮೀನು ಬೇಡ, ಮೀನಿನ ಸಾಸೂ ಬೇಡ. ಕೊನೆಗೆ ಪಲಿಹುಗ್ ಎಂದು ಸೇರಿಸಿದರೆ ಅಡುಗೆಯವಳು ನಕ್ಕು ಮನಸ್ಸಿಟ್ಟು ಮಾಡುತ್ತಾಳೆ.

ನಾನು ಹೇಳಿ ಮಾಡಿಸಿಕೊಳ್ಳುವುದು ನುಗ್ಗೆಸೊಪ್ಪಿನ ಸಾರು. ನುಗ್ಗೆ ಅಲ್ಲಿ ಪ್ರತಿ ಹಿತ್ತಲಲ್ಲೂ ಇದೆ, ಕಮುಂಗಾಯ್ ಎನ್ನುತ್ತಾರೆ. ಆದರೆ ಕಾಯಿ ತಿನ್ನುವುದು ಕಡಿಮೆ, ಸೊಪ್ಪೇ ಪ್ರಧಾನ. ಸೊಪ್ಪು, ಕುಂಬಳ, ಬೆಂಡೆ, ಬದನೆ ಹಾಕಿ ತಿಳಿಯಾಗಿ ಕುದಿಸಿದ ಉತಾನ್ ಎಂಬ ಸಾರು. ಒಣಮೀನು ಬಿಡಿಸಿ, ಒಂದು ಚೂರು ಶುಂಠಿ ಹೆಚ್ಚು ಹಾಕಿಸಿ, ಅನ್ನಕ್ಕೆ ಕಲಸಿ, ಪಕ್ಕದಲ್ಲಿ ಅಪ್ಪೆಮಿಡಿ. ಸಾಗರದವಳಿಗೆ ಇನ್ನೇನು ಬೇಕು. ಉಪ್ಪಿನಕಾಯಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜನ್ನು ಲಗೇಜಿಗೆ ಹಾಕುವ ಚೀಲದಲ್ಲಿ ಭದ್ರವಾಗಿ ಕಟ್ಟಿ ಒಯ್ಯಿರಿ. ಬೆಳಿಗ್ಗೆ ಸಿಕ್ವಾತೆ ಎಂಬ ಗಟ್ಟಿ ಕೋಕೋ ಪಾನೀಯ, ಜೊತೆಗೆ ಪುತೋ ಮಾಯಾ ಎಂಬ ಅಂಟಕ್ಕಿಯ ಸಿಹಿ ಅನ್ನ, ಮೇಲೆ ಹೋಳು ಮಾವು. ಸೆಬುವಿನ ಮಾವು ನಾರಿಲ್ಲದ್ದು. ರಸಪುರಿ ಅಭಿಮಾನಿಗಳೂ ಒಪ್ಪುತ್ತಾರೆ, ಸ್ವಲ್ಪ ತಡವಾಗಿ. ಹಸಿವಾದಾಗ ಬೀದಿಯಲ್ಲಿ ಬೆಲ್ಲದ ಪಾಕದಲ್ಲಿ ಕರಿದ ಬಾಳೆಹಣ್ಣು, ಎಳನೀರು ಯಾವಾಗಲೂ ಸಿಗುತ್ತವೆ.

ಮಾಸ್ಕು, ಕನ್ನಡಕ, ಮೀಸೆ

ಉಳಿದೆಲ್ಲವನ್ನೂ ಬಾಡಿಗೆಗೆ ಪಡೆಯಿರಿ, ಮಾಸ್ಕನ್ನು ಮಾತ್ರ ಸ್ವಂತಕ್ಕೆ ಕೊಳ್ಳಿ. ಸ್ನಾರ್ಕೆಲಿಂಗ್ ಹಿಡಿಸಲಿಲ್ಲ ಎನ್ನುವ ಹತ್ತರಲ್ಲಿ ಎಂಟು ಜನರಿಗೆ ಹಿಡಿಸದಿರುವುದು ಸೋರುವ ಮಾಸ್ಕು. ಅಂಗಡಿಯಲ್ಲಿ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಂಡು ಕೈ ಬಿಡಿ. ಅಂಟಿ ನಿಂತರೆ ಅದು ನಿಮ್ಮದು. ಬಿದ್ದರೆ ಎಷ್ಟು ದುಬಾರಿಯದಾದರೂ ವಾಪಸ್ ಇಡಿ. ಪಟ್ಟಿ ಬಿಗಿದು ಸೋರಿಕೆ ನಿಲ್ಲಿಸುತ್ತೇನೆ ಎಂದರೆ ಆಗದು, ಬಿಗಿದಷ್ಟೂ ರಬ್ಬರು ಮಡಚಿ ಇನ್ನೂ ಸೋರುತ್ತದೆ. ಹಣೆಯ ಕೂದಲು ಒಂದೆಳೆಯೂ ಅಂಚಿನ ಕೆಳಗೆ ಸಿಕ್ಕಿಕೊಳ್ಳಬಾರದು. ಹೆಂಗಸರು ಜಡೆಯನ್ನು ಕೆಳಕ್ಕೆ ಕಟ್ಟಿ, ತಲೆಗೆ ತೆಳು ಬಟ್ಟೆಯ ಪಟ್ಟಿ ಹಾಕಿಕೊಳ್ಳಿ.

ಕನ್ನಡಕದವರು ಎರಡು ಗಾಜಿನ ಮಾಸ್ಕನ್ನೇ ಆರಿಸಿ, ಅದಕ್ಕೆ ಪವರ್ ಇರುವ ಗಾಜು ಕೂರಿಸಿಕೊಡುತ್ತಾರೆ. ಅರ್ಧರ್ಧ ಡಯಾಪ್ಟರ್ ಅಂತರದಲ್ಲಿ ಸಿದ್ಧ ಗಾಜುಗಳೇ ಇವೆ. ನಿಮ್ಮ ಪವರ್‌ಗಿಂತ ಸ್ವಲ್ಪ ಕಡಿಮೆಯದಾದರೂ ನಡೆಯುತ್ತದೆ. ನೀರಿನಿಂದ ಮಾಸ್ಕಿನೊಳಗಿನ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಎಲ್ಲವೂ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ, ನಾಲ್ಕನೇ ಒಂದು ಪಾಲಿನಷ್ಟು ಹತ್ತಿರವಾಗಿ ಕಾಣುತ್ತದೆ. (ಇದೇ ಕಾರಣಕ್ಕೆ ಈ ಮೀನು ಇಷ್ಟುದ್ದ ಇತ್ತು ಎಂದು ಯಾರಾದರೂ ಕೈಯಗಲಿಸಿದರೆ ನಾನು ಮನಸ್ಸಿನಲ್ಲೇ ಕಾಲುಭಾಗ ಕಳೆಯುತ್ತೇನೆ.) ಪವರ್ ಮಾಸ್ಕು ಇಲ್ಲದೆ ಮಸುಕು ನೀಲಿಯನ್ನೇ ನೋಡಿ ಬಂದು ‘ಏನೂ ಇರಲಿಲ್ಲ’ ಎನ್ನುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಮೀಸೆ. ಮೂಗಿನ ಕೆಳಗೆ ರಬ್ಬರು ಚರ್ಮಕ್ಕೆ ಕೂರಬೇಕು, ಮೀಸೆ ಅಡ್ಡ ಬರುತ್ತದೆ. ಬೋಳಿಸುವ ಸಲಹೆ ಕೊಟ್ಟು ನೋಡಿದೆ, ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಮೂಗಿನ ಹೊಳ್ಳೆಗಳ ಕೆಳಗೆ ಸಣ್ಣ ಪಟ್ಟಿಯಷ್ಟು ಟ್ರಿಮ್ ಮಾಡಿ, ಉಳಿದ ಮೀಸೆಗೆ ವ್ಯಾಸಲಿನ್ ಮೆತ್ತಿದರೆ ಸಾಕಾಗುತ್ತದೆ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ತಯಾರಿಕೆಯ ಜಿಡ್ಡು ಅಂಟಿರುತ್ತದೆ. ಊರಲ್ಲೇ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಎರಡು ಮೂರು ಸಲ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಮಂಜು ಕವಿಯುವುದು ನಿಲ್ಲುವುದಿಲ್ಲ. ದಿನಾ ಇಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ ತೊಳೆದರೆ ಮುಗಿಯಿತು. ಎಂಜಲೂ ನಡೆಯುತ್ತದೆ, ಮಡಿವಂತರು ಶಾಂಪೂ ಒಯ್ಯಿರಿ.

ಇಡೀ ಮುಖ ಮುಚ್ಚುವ ಮಾಸ್ಕು ಸುಲಭ ಎನಿಸುತ್ತದೆ, ನಾನು ಬೇಡ ಎನ್ನುತ್ತೇನೆ. ಬಿಟ್ಟ ಉಸಿರು ಒಳಗೇ ಉಳಿಯುವ ಸಾಧ್ಯತೆ ಅದರಲ್ಲಿ ಹೆಚ್ಚು, ಗಾಬರಿಯಾದಾಗ ಥಟ್ಟನೆ ಕಿತ್ತು ತೆಗೆಯುವುದೂ ಕಷ್ಟ.

ಉಸಿರಾಟದ ಪಾಠ

ಮಕ್ಕಳು ತರಗತಿಯಲ್ಲಿ ಕೇಳುತ್ತಿದ್ದರು: ಕೊಳವೆ ಉದ್ದ ಮಾಡಿಕೊಂಡರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಮಿಸ್? ಹೋಗಲಾಗದು. ಒಂದು ಮೀಟರ್ ಆಳದಲ್ಲೇ ನೀರು ಎದೆಯ ಮೇಲೆ ವಾತಾವರಣದ ಹತ್ತನೇ ಒಂದು ಪಾಲಿನಷ್ಟು ಹೆಚ್ಚುವರಿ ಒತ್ತಡ ಹೇರುತ್ತದೆ, ಕೊಳವೆಯಲ್ಲಿ ಬರುವ ಗಾಳಿ ಮಾತ್ರ ಮೇಲಿನ ಒತ್ತಡದಲ್ಲೇ ಇರುತ್ತದೆ. ಎದೆ ಉಬ್ಬಿಸಲಾಗುವುದಿಲ್ಲ. ಜೊತೆಗೆ ನೀವು ಬಿಟ್ಟ ಗಾಳಿಯೇ ಉದ್ದ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಗಿಡ್ಡ ಕೊಳವೆಯಲ್ಲೂ ಈ ಎರಡನೆಯದು ಸ್ವಲ್ಪ ಇದ್ದೇ ಇದೆ. ಅದಕ್ಕೇ ಗಡಿಬಿಡಿಯ ಪುಟ್ಟ ಉಸಿರು ಕೂಡದು. ನಿಧಾನ ಎಳೆದು, ಎಳೆದದ್ದಕ್ಕಿಂತ ಉದ್ದಕ್ಕೆ ಬಿಡಿ.

ಅಭ್ಯಾಸವನ್ನು ರೆಸಾರ್ಟಿನ ಕೊಳದಲ್ಲಿ, ಸೊಂಟ ಮಟ್ಟದ ನೀರಿನಲ್ಲಿ ನಿಂತೇ ಮಾಡಿ. ಬಾಗಿ ಮುಖವಿಟ್ಟು ಇಪ್ಪತ್ತು ಉಸಿರು. ಆಮೇಲೆ ಕೊಳವೆಗೆ ಬೇಕೆಂದೇ ನೀರು ಬಿಟ್ಟು, ತುಟಿ ಬಿಗಿದು ಒಂದೇ ಸಲ ಜೋರಾಗಿ ಊದಿ ಹೊರಹಾಕಿ. ಮಾಸ್ಕಿಗೆ ನೀರು ನುಗ್ಗಿದರೆ ಮೇಲಂಚನ್ನು ಹಣೆಗೊತ್ತಿ ಮೂಗಿನಿಂದ ಊದಿ. ಈ ಎರಡು ಕೆಲಸ ಗಾಬರಿಯಿಲ್ಲದೆ ಆಗುವವರೆಗೆ ಕಡಲಿಗೆ ಇಳಿಯಬೇಡಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಒಮ್ಮೆ ಇಳಿದವರಿಗೆ ಈ ಪಾಠ ಅರ್ಧ ಆಗಿರುತ್ತದೆ.

ಬಿಪಿ, ಹೃದಯ, ಉಬ್ಬಸದ ತೊಂದರೆಯಿರುವವರು ಊರಲ್ಲೇ ಡಾಕ್ಟರನ್ನು ಕೇಳಿ ಬನ್ನಿ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದ ದಿನವೇ ನೀರಿಗೆ ಹೋಗಬೇಡಿ. ತೇಲುವಾಗ ಕಾರಣವಿಲ್ಲದೆ ಏದುಸಿರು ಬಂದರೆ ಕೊಳವೆ ಬಾಯಿಂದ ತೆಗೆದು, ಅಂಗಾತ ಮಲಗಿ, ಕೈ ಎತ್ತಿ ಜೊತೆಯವರನ್ನು ಕರೆಯಿರಿ. ಮರ್ಯಾದೆ ನೋಡುತ್ತ ಈಜಿಕೊಂಡೇ ದಡ ಸೇರುತ್ತೇನೆ ಎನ್ನಬೇಡಿ.

ನೀರಿಗೆ ಇಳಿಯುವುದು

ಬೆಳಿಗ್ಗೆ ಆರರಿಂದ ಎಂಟು. ಎಂಟೂವರೆ ಆಗುತ್ತಿದ್ದಂತೆ ಸೆಬು ನಗರದಿಂದ ನಡುರಾತ್ರಿ ಹೊರಟ ಪ್ರವಾಸದ ವ್ಯಾನುಗಳ ಜನ ಕಿತ್ತಳೆ ಲೈಫ್ ಜಾಕೆಟ್ಟು ತೊಟ್ಟು ಸಾಲಾಗಿ ಬರುತ್ತಾರೆ. ಹಿಂದಿನ ಸಂಜೆಯೇ ಫೋನಿನಲ್ಲಿ ಉಬ್ಬರ-ಇಳಿತದ ಹೊತ್ತು ನೋಡಿಕೊಳ್ಳಿ. ಉಬ್ಬರದಲ್ಲಿ ಹವಳದ ಜಗಲಿಯ ಮೇಲೆ ಆರಾಮಾಗಿ ತೇಲಬಹುದು. ಪೂರ್ತಿ ಇಳಿತದಲ್ಲಿ ನಡೆಯಬೇಕಾಗುತ್ತದೆ, ಕಾಲಕೆಳಗೆ ಹವಳ, ಹವಳದ ಸಂದಿಯಲ್ಲಿ ಕಪ್ಪು ಮುಳ್ಳಿನ ಸೀ ಅರ್ಚಿನ್. ಮುಳ್ಳು ಚುಚ್ಚಿದರೆ ಒಳಗೇ ಮುರಿಯುತ್ತದೆ. ರಬ್ಬರು ಅಡಿಯ ಬೂಟು ಹಾಕಿ.

ಬಟ್ಟೆಗೆ ಸಂಕೋಚ ಬೇಡ. ಈಜಿಗೆ ತೊಡುವ ಉದ್ದ ತೋಳಿನ ಅಂಗಿ, ಅಂದರೆ ರ‍್ಯಾಶ್ ಗಾರ್ಡು, ಕಾಲಿಗೆ ಲೆಗ್ಗಿಂಗ್ಸು. ಅಲ್ಲಿನ ಹೆಂಗಸರೂ ಬಿಸಿಲಿಗೆ ಹೆದರಿ ಮೈತುಂಬ ತೊಟ್ಟೇ ನೀರಿಗಿಳಿಯುವುದು. ಬೆನ್ನು, ತೊಡೆಯ ಹಿಂಭಾಗ ಬಿಸಿಲಿಗೆ ಬೇಯುವುದು ನೀರಿನಲ್ಲಿ ಗೊತ್ತೇ ಆಗುವುದಿಲ್ಲ. ಬಟ್ಟೆಯಿದ್ದರೆ ಸನ್‌ಸ್ಕ್ರೀನು ಮುಖ, ಕೈಗೆ ಮಾತ್ರ ಸಾಕು. ಅದೂ ಜಿಂಕ್ ಆಕ್ಸೈಡಿನದು ತನ್ನಿ, ಕೆಲವು ಕ್ರೀಮುಗಳಲ್ಲಿರುವ ಆಕ್ಸಿಬೆಂಜೋನ್ ಹವಳಕ್ಕೆ ಒಳ್ಳೆಯದಲ್ಲ.

ಇಳಿಯುವ ಮುಂಚೆ ನೀರನ್ನು ಎರಡು ನಿಮಿಷ ನೋಡಿ. ಕಟ್ಟಿಹಾಕಿದ ದೋಣಿಗಳು ಯಾವ ಕಡೆ ಮುಖ ಮಾಡಿವೆ, ತೇಲುವ ಎಲೆ ಎತ್ತ ಸಾಗುತ್ತಿದೆ? ಸೆಳೆತ ಇಲ್ಲಿ ಸಾಮಾನ್ಯವಾಗಿ ದಡಕ್ಕೆ ಸಮಾನಾಂತರ. ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ, ದಣಿದಾಗ ಅದೇ ನಿಮ್ಮನ್ನು ಮೆಟ್ಟಿಲಿಗೆ ತಂದುಬಿಡುತ್ತದೆ. ಈಜು ಬಾರದವರು ಲೈಫ್ ಜಾಕೆಟ್ ತೊಟ್ಟು, ಸ್ಥಳೀಯ ಗೈಡ್ ಒಬ್ಬರ ಕೈಲಿರುವ ತೇಲುಬಳೆ ಹಿಡಿದುಕೊಳ್ಳಿ. ನಮ್ಮನೆಯವರು ಹಾಗೆಯೇ ಒಂದು ಗಂಟೆ ತೇಲುತ್ತಾರೆ, ಕಾಲು ಬಡಿಯುವುದೂ ಇಲ್ಲ. ಪುರಸಭೆಯವರು ಪರಿಸರ ಶುಲ್ಕ ತೆಗೆದುಕೊಳ್ಳುತ್ತಾರೆ, ರಸೀದಿ ಕೇಳಿ ಪಡೆಯಿರಿ.

ಕಾಲಿಗೆ ಫಿನ್ಸ್ (ರಬ್ಬರು ರೆಕ್ಕೆ) ಹಾಕಿದ ಮೇಲೆ ಮಂಡಿಯಿಂದ ಸೈಕಲ್ ತುಳಿಯಬೇಡಿ. ಸೊಂಟದಿಂದ, ಕಾಲು ನೀಳವಾಗಿಟ್ಟು ನಿಧಾನ ಬೀಸಿ. ಮಂಡಿ ನೋವಿನವರಿಗೂ ಇದು ಹಿತ. ಹವಳದ ಮೇಲೆ ನಿಲ್ಲುವುದು, ಹಿಡಿಯುವುದು ಬೇಡವೇ ಬೇಡ. ಅದು ಕಲ್ಲಲ್ಲ, ಜೀವ.

ಜಗಲಿ ಮುಗಿಯುವ ಕಡೆ ಎಲ್ಲರಿಗೂ ಒಮ್ಮೆ ಎದೆ ಝಲ್ಲೆನ್ನುತ್ತದೆ. ಜೋಗದ ಅಂಚಿನಲ್ಲಿ ನಿಂತು ಬಗ್ಗಿ ನೋಡಿದ ಹಾಗೆ, ಬೀಳುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಕೆಳಗಿನ ಕಡುನೀಲಿಯನ್ನು ದಿಟ್ಟಿಸಬೇಡಿ. ತಿರುಗಿ ಗೋಡೆಯನ್ನು ನೋಡುತ್ತ ಇರಿ. ಬೀಸಣಿಗೆಯಂಥ ಹವಳ, ಸ್ಪಂಜು, ನೀಲಿ ನಕ್ಷತ್ರಮೀನು, ಸೀ ಅನಿಮೊನಿಯ ಲೋಳೆಬೆರಳುಗಳ ನಡುವೆ ಕಿತ್ತಳೆ ಪಟ್ಟೆಯ ಕ್ಲೌನ್ ಮೀನು. ಉಸಿರು ಹದಕ್ಕೆ ಬಂದ ಮೇಲೆ ಮೆಲ್ಲಗೆ ಹೊರಕ್ಕೆ ತಿರುಗಿದರೆ ಹಿಂಡು ಅಲ್ಲೇ ಇರುತ್ತದೆ. ಹಿಂದೆ ಬಿದ್ದರೆ ದೂರ ಸರಿಯುತ್ತದೆ. ಸುಮ್ಮನೆ ತೇಲುತ್ತಿದ್ದರೆ ನಿಮ್ಮ ಕೆಳಗೇ ಹರಿಯುತ್ತದೆ, ಸುತ್ತ ಸುತ್ತುತ್ತದೆ. ಒಮ್ಮೊಮ್ಮೆ ಇಡೀ ಹಿಂಡು ನಡುವೆ ಸೀಳಿ ಮಿಂಚುತ್ತದೆ. ಆಗ ಆ ಸೀಳಿನಾಚೆ ನೋಡಿ, ದೊಡ್ಡ ಜಾತಿಯ ಟ್ರೆವಲಿ ಮೀನೊಂದು ಬೇಟೆಗೆ ನುಗ್ಗಿರುತ್ತದೆ.

ಕಡಲಾಮೆಗಳು ಜಗಲಿಯ ಹುಲ್ಲು ಮೇಯುತ್ತಿರುತ್ತವೆ. ಅವು ಉಸಿರಿಗೆ ಮೇಲೆ ಬರುವ ದಾರಿಗೆ ಅಡ್ಡವಾಗಬೇಡಿ, ಮೇಲಿನಿಂದ ಮುತ್ತಿಗೆ ಹಾಕಬೇಡಿ. ಬ್ರೆಡ್ ಎಸೆದು ಮೀನು ಕರೆಯುವ ಗೈಡ್ ಸಿಕ್ಕಿದರೆ ಬೇಡ ಎನ್ನಿ. ಹೆದರಬೇಕಾದ ಮೀನು ಒಂದಿದೆ: ಟೈಟನ್ ಟ್ರಿಗರ್. ಗೂಡು ಕಾಯುವ ಕಾಲದಲ್ಲಿ ಕಚ್ಚಲು ಬರುತ್ತದೆ. ಅದರ ಗಡಿ ಗೂಡಿನಿಂದ ಮೇಲಕ್ಕೆ ಹೋದಷ್ಟೂ ಅಗಲವಾಗುವುದರಿಂದ ಮೇಲೇಳದೆ ಪಕ್ಕಕ್ಕೆ ಸರಿದು ಹೋಗಿ. ಲಯನ್ ಮೀನು, ಕಲ್ಲುಮೀನು ತಾವಾಗಿ ಬರುವುದಿಲ್ಲ. ಮುಟ್ಟಿ ಚುಚ್ಚಿಸಿಕೊಂಡರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಆ ಭಾಗ ಮುಳುಗಿಸಿ, ಆಸ್ಪತ್ರೆಗೆ ಹೊರಡಿ. ಮೀನಿಗಿಂತ ಅಪಾಯ ದೋಣಿ. ಬಾಂಕಾ ದೋಣಿಗಳ ಎಂಜಿನ್ ಸದ್ದು ನೀರಿನೊಳಗೆ ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ, ಆದ್ದರಿಂದ ಸದ್ದು ಕೇಳಿದ ಕೂಡಲೇ ತಲೆಯೆತ್ತಿ ನೋಡಿ.

ಉಳಿದ ಹೊತ್ತು

ಒಂಬತ್ತಕ್ಕೆ ತಿಂಡಿ, ಹನ್ನೊಂದಕ್ಕೆ ನಿದ್ದೆ, ಸಂಜೆ ಕಲ್ಲುಗೋಡೆಯ ಮೇಲೆ ಕೂತು ನೆಗ್ರೋಸ್ ಬೆಟ್ಟಗಳ ಹಿಂದೆ ಸೂರ್ಯ ಇಳಿಯುವುದನ್ನು ನೋಡಿ. ಅಷ್ಟೇ. ಕೈ ಕಟ್ಟಿ ಕೂರಲಾಗದವರು ಒಂದು ದಿನ ಪೆಸ್ಕಡೋರ್‌ಗೆ ದೋಣಿ ಮಾಡಿಕೊಳ್ಳಿ, ನೀರು ಇನ್ನೂ ತಿಳಿ. ಬಾದಿಯಾನ್‌ನ ಕವಾಸಾನ್ ಜಲಪಾತಕ್ಕೆ ಕೆಳಗಿನಿಂದ ನಡೆದು ಹೋಗಬಹುದು; ಬಂಡೆಯಿಂದ ಬಂಡೆಗೆ ಹಾರಿ ಬರುವ ಕ್ಯಾನ್ಯನಿಯರಿಂಗ್ ಮಾತ್ರ ಮಂಡಿ ಗಟ್ಟಿಯಿರುವವರಿಗೆ. ಓಸ್ಲೋಬ್‌ಗೆ ಹೋಗಿ ತಿಮಿಂಗಿಲ ಶಾರ್ಕ್ ನೋಡೋಣ ಎಂದು ಎಲ್ಲರೂ ಎಳೆಯುತ್ತಾರೆ. ನಾನು ಹೋಗುವುದಿಲ್ಲ. ವಲಸೆ ಹೋಗಬೇಕಾದ ಪ್ರಾಣಿಗೆ ದಿನಾ ಸೀಗಡಿ ಸುರಿದು ದೋಣಿಯ ಬಳಿ ನಿಲ್ಲಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡಿನ ವಿಷಯ: ಪೆಸೊ ಒಂದಕ್ಕೆ ಒಂದೂವರೆ ರೂಪಾಯಿಯ ಆಸುಪಾಸು. ಸಣ್ಣ ಅಂಗಡಿ, ಟ್ರೈಸಿಕಲ್, ಗೈಡ್ ಎಲ್ಲ ನಗದೇ. ಎಟಿಎಂ ಪೇಟೆಯಲ್ಲಿದೆ, ವಾರಾಂತ್ಯದಲ್ಲಿ ಬರಿದಾಗಬಹುದು, ವಿದೇಶಿ ಕಾರ್ಡಿಗೆ ಪ್ರತಿ ಸಲಕ್ಕೂ ಶುಲ್ಕ ಹಿಡಿಯುತ್ತಾರೆ. ಹಾಗಾಗಿ ಸೆಬುವಿನಲ್ಲೇ ಒಟ್ಟಿಗೆ ತೆಗೆದು, ಚಿಲ್ಲರೆ ಮಾಡಿಸಿಕೊಂಡು ಬನ್ನಿ.

ಹೊರಡುವ ದಿನ ಬೆಳಿಗ್ಗೆ ನೀರಿಗಿಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಸ್ನಾರ್ಕೆಲಿಂಗ್ ಮಾಡಿದವರು ಡೈವಿಂಗ್‌ನವರ ಹಾಗೆ ವಿಮಾನಕ್ಕೆ ಮುಂಚೆ ಇಡೀ ದಿನ ಕಾಯಬೇಕಿಲ್ಲ, ಇಳಿಯಿರಿ. ಆದರೆ ಫಿನ್ಸು, ರ‍್ಯಾಶ್ ಗಾರ್ಡು ಒದ್ದೆಯಾಗಿಯೇ ತೂಕಕ್ಕೆ ಬರುತ್ತವೆ, ಮಗ್ಗುಲು ಚೀಲವೊಂದು ಬೇರೆ ಇಡಿ. ಕಾರ್ಕಾರ್, ನಾಗಾ, ತಾಲಿಸಾಯ್ ಮೂರೂ ಕಡೆ ರಸ್ತೆ ಕಟ್ಟಿಕೊಳ್ಳುತ್ತದೆ. ರಾತ್ರಿ ಎಂಟರ ವಿಮಾನಕ್ಕೆ ಬೆಳಿಗ್ಗೆ ಹತ್ತೂವರೆಯ ಬಸ್ಸು ಹಿಡಿದರೆ ಒಣಮಾವಿನ ಪೊಟ್ಟಣ ಕೊಳ್ಳಲೂ ಹೊತ್ತು ಉಳಿಯುತ್ತದೆ.